ಎಂಟು ಬೈ ನಾಲ್ಕಡಿ ಪ್ಲೈವುಡ್ ಮೇಲೆ ನಮ್ಮ ಸಕಲೇಶಪುರ

ನಾನು ಆರನೇ ಕ್ಲಾಸಲ್ಲಿದ್ದಾಗ, 1996ರಲ್ಲಿ, ಮೀಟರ್‌ಗೇಜ್ ಹಳಿ ಕಿತ್ತು ಅಗಲದ ಹಳಿ, ಅಂದ್ರೆ ಬ್ರಾಡ್‌ಗೇಜ್ ಮಾಡ್ತೀವಿ ಅಂತ ನಮ್ಮೂರ ಘಾಟಿ ರೈಲು ನಿಲ್ಸಿದ್ರು. ಗೂಡ್ಸ್ ಗಾಡಿ ಮತ್ತೆ ಬಂದಿದ್ದು 2006ಕ್ಕೆ, ಪ್ಯಾಸೆಂಜರ್ ಬಂದಿದ್ದು 2007ರ ಡಿಸೆಂಬರಲ್ಲಿ, ಅಷ್ಟೊತ್ತಿಗೆ ನಾನು ಬೆಂಗಳೂರು ಸೇರ್ಕೊಂಡಾಗಿತ್ತು. ಹಂಗಾಗಿ ನನ್ನ ತಲೇಲಿರೋ ಸಕಲೇಶಪುರ ಅಂದ್ರೆ ಮೀಟರ್‌ಗೇಜ್ ಸಕಲೇಶಪುರನೇ. ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡ್ಕೊಂಡು ಬಂದ ಮೇಲೆ, ರೈಲಿನ ಮಾಡೆಲ್ ಮಾಡಿದ್ರೆ ಆ ಸಕಲೇಶಪುರದ್ದೇ ಮಾಡ್ಬೇಕು ಅಂತ ಕೂತೆ.

ಮೊದಲ ತಲೆನೋವು ಸ್ಕೇಲು, ಅಂದ್ರೆ ನಿಜದ್ದನ್ನ ಎಷ್ಟು ಪಟ್ಟು ಚಿಕ್ಕದು ಮಾಡೋದು ಅನ್ನೋದು. ಮೀಟರ್‌ಗೇಜ್ ಹಳಿ ಅಂದ್ರೆ 1000 ಮಿ.ಮೀ. ಅಗಲ, ಅಂಗಡೀಲಿ ಸುಲಭಕ್ಕೆ ಸಿಗೋ ‘ಎನ್ ಗೇಜ್’ ಅನ್ನೋ ಮಾಡೆಲ್ ರೈಲಿನ ಹಳಿ 9 ಮಿ.ಮೀ., ಭಾಗಿಸಿದ್ರೆ ಸುಮಾರು 1:110 ಬರುತ್ತೆ, ಅದನ್ನೇ ಹಿಡ್ಕೊಂಡೆ. ಆ ಸ್ಕೇಲಿಗೆ ರೆಡಿ ಇಂಜಿನ್ನು ಬೋಗಿ ಏನೂ ಸಿಗಲ್ಲ, ಹಂಗಾಗಿ ಜಪಾನಿನ ಕಾಟೋ ಕಂಪನಿಯ ಚಾಸಿಸ್ (ಮೋಟರು, ಚಕ್ರ ಇರೋ ಕೆಳಭಾಗ) ತರಿಸ್ಕೊಂಡು ಮೇಲಿನ ಬಾಡಿ ಎಲ್ಲಾ ಕಾರ್ಡ್‌ಬೋರ್ಡು, ಪ್ಲಾಸ್ಟಿಕ್ ಶೀಟಲ್ಲಿ ನಾನೇ ಕಟ್ಟಿದೆ, ಮೀಟರ್‌ಗೇಜಿನ ಡೀಸೆಲ್ ಇಂಜಿನ್ ವೈಡಿಎಂ4 ಒಂದಕ್ಕೇ ಮೂರು ತಿಂಗಳು ಹಿಡೀತು.

ಆಮೇಲೆ ಜಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿಲೋಮೀಟರು, 57 ಸುರಂಗ, 109 ಸೇತುವೆ. ಇದನ್ನ ಪೂರ್ತಿ 1:110ರಲ್ಲಿ ಮಾಡ್ತೀನಿ ಅಂದ್ರೆ ಅರ್ಧ ಕಿಲೋಮೀಟರ್ ಉದ್ದದ ಮೇಜು ಬೇಕು! ನನ್ನ ಹತ್ರ ಇದ್ದಿದ್ದು ಎಂಟಡಿ. ಸ್ಟೇಷನ್ನು, ಊರಿನ ಒಂದು ತುಂಡು, ಮೂಲೇಲಿ ಹೇಮಾವತಿ, ಆಚೆ ಕಡೆ ಕಾಫಿ ತೋಟ, ದೋಣಿಗಾಲ್ ಕಡೆ ಇಳಿಯೋ ಜಾಗದಲ್ಲಿ ಎರಡು ಸುರಂಗ ಒಂದು ಸೇತುವೆ, ಇಷ್ಟೇ ಇಟ್ಕೊಂಡೆ. ಆದ್ರೆ ಘಾಟಿಯ ಏರು ಮಾತ್ರ ಅಳತೆ ಪ್ರಕಾರನೇ ಇರ್ಬೇಕು ಅಂತ ಹಠ ಹಿಡಿದೆ, 50ಕ್ಕೆ 1, ಅಂದ್ರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ತಿರುವಲ್ಲಿ ನಾಲ್ಕು ಬೋಗಿ ಎಳೆಯುವಾಗ ಇಂಜಿನ್ ಚಕ್ರ ಅಲ್ಲೇ ಜಾರಿ ಜಾರಿ ತಿರುಗ್ತಿತ್ತು. ಗಾಳಕ್ಕೆ ಕಟ್ಟೋ ಸೀಸದ ಗುಂಡು ಬಾಡಿ ಒಳಗೆ ಅಂಟಿಸಿ ತೂಕ ಹೆಚ್ಚಿಸಿದ ಮೇಲೆ ಹತ್ತಿತು.

ಗುಡ್ಡಕ್ಕೆ ಥರ್ಮಾಕೋಲ್ ಪದರ ಪದರ ಜೋಡಿಸಿ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಳಿದೆ. ಇಲ್ಲಿ ಒಂದು ದೊಡ್ಡ ಪೆಟ್ಟು ತಿಂದೆ, ಬೇಗ ಒಣಗ್ಲಿ ಅಂತ ಚಪ್ಪಲಿ ಅಂಟಿಸೋ ರಬ್ಬರ್ ಗಮ್ ಹಾಕಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಸುರಂಗದ ಬಾಯಿ ಪೂರ್ತಿ ಕರಗಿ ಗುಳಿ ಬಿದ್ದಿತ್ತು. ಥರ್ಮಾಕೋಲ್‌ಗೆ ಬಿಳಿ ಫೆವಿಕಾಲ್ ಬಿಟ್ಟು ಬೇರೆ ಗಮ್ ಮುಟ್ಟಿಸ್ಬೇಡಿ.

ಮಣ್ಣು ಮಾತ್ರ ಊರಿಂದಲೇ ತಂದೆ, ನಮ್ಮ ಹಿತ್ತಲಿಂದ. ಬಾಣಲೇಲಿ ಹುರಿದು, ಟೀ ಸೋಸೋ ಜಾಲರೀಲಿ ಜರಡಿ ಹಿಡಿದು, ಆಮೇಲೆ ಒಂದು ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮಣ್ಣಿನ ಮೇಲೆಲ್ಲಾ ಆಡಿಸಿದೆ. ಇದನ್ನ ಯಾರೂ ಬಿಡ್ಬೇಡಿ. ಕವರಿಗೆ ಮೀಸೆ ಬಂದಂಗೆ ಕಪ್ಪು ಪುಡಿ ಅಂಟ್ಕೊಂಡು ಬಂತು, ಅದು ಕಬ್ಬಿಣದ ಅಂಶ, ಹಂಗೇ ಬಿಟ್ಟಿದ್ರೆ ಸೀದಾ ಇಂಜಿನ್ ಮೋಟರ್ ಒಳಗೆ ಹೋಗಿ ಕೂರೋದು. ಹಳಿ ಕೆಳಗಿನ ಜಲ್ಲಿಗೂ ಸ್ಕೇಲಿನ ಲೆಕ್ಕನೇ, 50 ಮಿ.ಮೀ. ಕಲ್ಲು ಈ ಸ್ಕೇಲಲ್ಲಿ ಅರ್ಧ ಮಿ.ಮೀ. ಕೂಡ ಆಗಲ್ಲ, ನುಣ್ಣನೆ ಮರಳೇ ಬೇಕು. ಅದನ್ನ ಬ್ರಷಲ್ಲಿ ಹರಡಿ, ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿ ಸಿರಿಂಜಲ್ಲಿ ತೊಟ್ಟು ತೊಟ್ಟಾಗಿ ಬಿಡ್ಬೇಕು, ಆ ಹನಿ ಇಲ್ಲದಿದ್ರೆ ಗಮ್ ಒಳಗಿಳಿಯಲ್ಲ, ಮೇಲೇ ಗುಂಡಗೆ ನಿಂತು ಮರಳನ್ನೆಲ್ಲಾ ಕೆದರಿಬಿಡುತ್ತೆ.

ತೋಟಕ್ಕೆ ಕಾಫಿ ಗಿಡ ಹಸಿರು ಸ್ಕ್ರಬ್ ಪ್ಯಾಡ್ ಚೂರು, ಸಿಲ್ವರ್ ಓಕ್ ತಂತಿ ಹೊಸೆದು ತೆಂಗಿನ ನಾರು ಸಿಕ್ಕಿಸಿ ಮಾಡಿದ್ದು, ಒಂದೊಂದು ಮರದ ಬೊಡ್ಡೆಗೂ ಹಸಿರು ದಾರ ಸುತ್ತಿದೀನಿ, ಮೆಣಸಿನ ಬಳ್ಳಿ ಇಲ್ಲದ ಮರ ನಮ್ಮ ಕಡೆ ತೋಟದಲ್ಲಿ ಎಲ್ಲಿರುತ್ತೆ ಹೇಳಿ.

ಮಾಡೆಲಲ್ಲಿ ಮಳೆಗಾಲ ಅಂತ ಇಟ್ಕೊಂಡಿದ್ದೆ. ಹೊಳೆಗೆ ರೆಸಿನ್ (ಸುರಿದ ಮೇಲೆ ಗಾಜಿನಂಗೆ ಗಟ್ಟಿಯಾಗೋ ದ್ರವ) ಹಾಕಿ ಪಚ್ಚೆ ಬಣ್ಣ ಕೊಟ್ಟಿದ್ದೆ, ಚೆನ್ನಾಗಿ ಬಂದಿದೆ ಅಂತ ಖುಷೀಲಿದ್ದೆ. ಅಮ್ಮ ಊರಿಂದ ಬಂದವರು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ, "ಮಳೆಗಾಲ ಅಂತೀಯ, ಮಳೆಗಾಲದಲ್ಲಿ ಹೊಳೆ ಹಿಂಗಿರುತ್ತೇನೋ? ಕೆಂಪಗೆ ಬರಲ್ವಾ ನೀರು" ಅಂದ್ರು. ನಿಜ. ಅದನ್ನ ಹೆಂಗೆ ಮರೆತಿದ್ದೆ ಅಂತ ನನಗೇ ಗೊತ್ತಿಲ್ಲ. ಕೆಮ್ಮಣ್ಣು ಪುಡಿ ಕಲಸಿ ಇನ್ನೊಂದು ಪದರ ರೆಸಿನ್ ಸುರಿದೆ, ಈಗ ಅದು ಹೇಮಾವತಿ.

ಸಂಜೆ ಗಾಡಿ ಓಡಿಸಿ ತೋರಿಸ್ದೆ. ಸುರಂಗದೊಳಗೆ ಹೋಗಿ ಆಚೆ ಬರೋವರೆಗೂ ಅಮ್ಮ ಉಸಿರು ಬಿಡದೆ ನೋಡ್ತಿದ್ರು, ಆಮೇಲೆ ಸ್ಟೇಷನ್ನಿಂದ ರಸ್ತೆ ಮೇಲೆ ಬೆರಳು ಇಟ್ಕೊಂಡು ಹಂಗೇ ಬಂದ್ರು, ಇದು ಪೇಟೆ, ಇದು ತಿರುವು ಅಂತ. ಮೇಜಿನ ಅಂಚಿಗೆ ಬಂದು ಬೆರಳು ನಿಂತಿತು. "ನಮ್ಮನೆ ಎಲ್ಲೋ?"

ಅಳೆದು ನೋಡಿದೆ, ಅಂಚಿಂದ ಹದಿನೈದು ಸೆಂಟಿಮೀಟರ್ ಆಚೆ. ಒಂದಡಿ ಪ್ಲೈವುಡ್ ಪಟ್ಟಿ ಕೊಯ್ಸಿ ತಂದಿಟ್ಟಿದೀನಿ, ಈ ಭಾನುವಾರ ಬೋಲ್ಟ್ ಹಾಕ್ತೀನಿ. ಹೆಂಚಿಗೆ ಯಾವ ಪೇಪರ್ ಸರಿ ಹೋಗುತ್ತೆ ಅಂತ ಇನ್ನೂ ಹುಡುಕ್ತಾ ಇದೀನಿ.