ಚಳಿಗಾಲದಲ್ಲಿ ನಾಯಿ, ಬೆಕ್ಕು ಕಟ್ಟಿಕೊಂಡು ಕಾರಲ್ಲೇ ದೂರದೂರಿಗೆ ಮನೆ ಬದಲಾಯಿಸುವಾಗ

ಹಿಮ ಬೀಳುವ ದಿನಗಳಲ್ಲೇ ನಾವು ಮನೆ ಬದಲಾಯಿಸಬೇಕಾಯಿತು. ನಾಲ್ಕು ದಿನದ ದಾರಿ. ಹಿಂದಿನ ಸೀಟಿನಲ್ಲಿ ನಾಯಿ ಕರಿಯ, ಬೆಕ್ಕು ಮಿಂಚು.

ಎರಡನೇ ದಿನ ಸಂಜೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಮಿಂಚು ಅಳುತ್ತಿದ್ದಳು ಅಂತ ಕ್ಯಾರಿಯರ್‌ನಿಂದ (ಬೆಕ್ಕನ್ನು ಒಯ್ಯುವ ಪೆಟ್ಟಿಗೆ) ಹೊರಗೆ ಬಿಟ್ಟಿದ್ದೆ. ಬಾಗಿಲು ತೆರೆದದ್ದೇ ತಡ, ಜಿಗಿದು ಪಕ್ಕದ ಲಾರಿ ಕೆಳಗೆ ಹೋಗಿಬಿಟ್ಟಳು. ಕೊರೆಯುವ ನೆಲದ ಮೇಲೆ ಮಲಗಿ ಅರ್ಧ ಗಂಟೆ ಕರೆದೆ. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ: ಕ್ಯಾರಿಯರ್ ಮುಚ್ಚಿದೆಯಾ, ನಾಯಿಯ ಹಗ್ಗ ಕೈಯಲ್ಲಿದೆಯಾ ನೋಡಿ, ಆಮೇಲೆ ಬಾಗಿಲು ತೆರೆಯಿರಿ. ಪ್ರತಿ ಸಲವೂ.

ಬೆಕ್ಕು ಕ್ಯಾರಿಯರ್‌ನಲ್ಲಿ ಸಮಾಧಾನವಾಗಿ ಕೂರಬೇಕಾದರೆ ಒಂದು ತಿಂಗಳ ಮುಂಚೆಯೇ ಅದನ್ನು ಮನೆಯ ಮೂಲೆಯಲ್ಲಿ ತೆರೆದಿಡಿ. ಊಟ ಅದರೊಳಗೇ ಹಾಕಿ. ಅದು ಮಲಗುವ ಹಳೇ ಬಟ್ಟೆಯನ್ನು ತೊಳೆಯದೆ ಹಾಸಿ. ಆಮೇಲೆ ಹತ್ತು ನಿಮಿಷ, ಅರ್ಧ ಗಂಟೆ ಕಾರಲ್ಲಿ ಸುತ್ತಾಡಿಸಿ. ವಾಂತಿ ಆಗುತ್ತದೆ ಅನ್ನಿಸಿದರೆ ಪಶುವೈದ್ಯರನ್ನು ಕೇಳಿ. ಅವರು ಕೊಟ್ಟ ಮಾತ್ರೆಯನ್ನು ಹೊರಡುವ ದಿನವೇ ಮೊದಲ ಸಲ ಕೊಡಬೇಡಿ, ಮುಂಚೆಯೇ ಒಮ್ಮೆ ಮನೆಯಲ್ಲಿ ಕೊಟ್ಟು ನೋಡಿ. ಲಸಿಕೆಯ ಕಾಗದ ಕೈಗೆ ಸಿಗುವಂತಿರಲಿ. ಚರ್ಮದಡಿ ಹಾಕಿಸಿದ ಗುರುತಿನ ಮೈಕ್ರೋಚಿಪ್‌ನ ನೋಂದಣಿಯಲ್ಲಿ ನಿಮ್ಮ ಫೋನ್ ನಂಬರ್ ಸರಿಯಿದೆಯಾ ನೋಡಿಕೊಳ್ಳಿ.

ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ನಾಯಿ, ಬೆಕ್ಕಿನ ಊಟ ಮುಗಿದಿರಲಿ. ಮ್ಯಾಪ್ ಎಂಟು ಗಂಟೆ ಅಂದರೆ ನಮಗೆ ಹನ್ನೊಂದು ಆಗುತ್ತಿತ್ತು, ಎರಡು ಮೂರು ಗಂಟೆಗೊಮ್ಮೆ ಕರಿಯನನ್ನು ಇಳಿಸಲೇಬೇಕಲ್ವಾ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಅದಕ್ಕೇ ದಿನಕ್ಕೆ ಆರು ಗಂಟೆಯ ದಾರಿ ಸಾಕು. ರಾತ್ರಿ ತಂಗುವ ಲಾಡ್ಜ್‌ಗೆ ಫೋನ್ ಮಾಡಿ, ನಾಯಿ, ಬೆಕ್ಕು ಎರಡಕ್ಕೂ ಜಾಗ ಕೊಡುತ್ತೀರಾ ಅಂತ ಕೇಳಿಯೇ ಬುಕ್ ಮಾಡಿ. ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಹಿಮಗಾಳಿ ಎದ್ದರೆ ಸುಮ್ನೆ ರೂಮಲ್ಲೇ ಉಳಿದುಬಿಡಿ.

ಮಿಂಚು ಹಗಲೆಲ್ಲ ಮೂತ್ರ ಮಾಡದೆ ರಾತ್ರಿ ರೂಮಿನಲ್ಲಿ ಮಾಡುತ್ತಿದ್ದಳು. ಒಂದು ಇಡೀ ದಿನ ಕಳೆದರೂ ಮಾಡದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಕಾರಿನ ಬ್ಯಾಟರಿ, ಟೈರ್ ಮುಂಚೆಯೇ ತೋರಿಸಿ. ಚಳಿ ಹೆಚ್ಚಿದಂತೆ ಟೈರಿನ ಒತ್ತಡ ಇಳಿಯುತ್ತದೆ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ. ಹಿಮದಲ್ಲಿ ಸಿಕ್ಕಿಹಾಕಿಕೊಂಡರೆ ಮೊದಲು ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಇಲ್ಲದಿದ್ದರೆ ವಿಷದ ಹೊಗೆ ಒಳಗೆ ತುಂಬುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಕಿಟಕಿ ಸ್ವಲ್ಪ ತೆರೆದಿರಲಿ. ಕಂಬಳಿ, ಕುಡಿಯುವ ನೀರು ಡಿಕ್ಕಿಯಲ್ಲಿ ಬೇಡ, ಸೀಟಿನ ಹತ್ತಿರ ಇಡಿ.

ಇಳಿದು ಬಂದಾಗಲೆಲ್ಲ ನಾಯಿಯ ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಿಮ ಕರಗಲೆಂದು ರಸ್ತೆಗೆ ಹಾಕಿದ ಉಪ್ಪಿನಿಂದ ಪಾದ ಉರಿಯುತ್ತದೆ, ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ನೆಲಕ್ಕೆ ಸೋರಿದ ಕೂಲಂಟ್ (ಕಾರಿನ ಎಂಜಿನ್ ತಂಪಾಗಿಡುವ ದ್ರವ) ಹತ್ತಿರವಂತೂ ಬಿಡಲೇಬೇಡಿ. ರುಚಿ ಸಿಹಿ, ಆದರೆ ಒಂದು ಚಮಚ ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು.

ಹೊಸ ಮನೆಯಲ್ಲಿ ಬೆಕ್ಕಿಗೆ ಮೊದಲು ಒಂದೇ ಕೋಣೆ ಕೊಡಿ. ಅದೇ ತೊಳೆಯದ ಬಟ್ಟೆ, ಅದೇ ಊಟದ ತಟ್ಟೆ ಇರಲಿ. ಮಿಂಚು ಮೂರನೇ ರಾತ್ರಿ ಪೆಟ್ಟಿಗೆಗಳ ಹಿಂದಿನಿಂದ ಹೊರಗೆ ಬಂದು ಆ ಬಟ್ಟೆಯ ಮೇಲೆ ಮಲಗಿದಳು.