ಗೋಡೆ ಮೇಲಿನ ಸರ್ಟಿಫಿಕೇಟ್ ಬಿಡಿ, ಸಿಆರ್‌ಆರ್ ನಂಬರು ಕೇಳಿ

ನಮ್ಮಕ್ಕನ ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ‘ಇವನಪ್ಪನೂ ಮಾತಾಡಿದ್ದು ತಡವಾಗೇ’ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಲೇ ಆರು ತಿಂಗಳು ಕಳೆದರು. ಆಮೇಲೆ ಮನೆ ಹತ್ತಿರದ ಥೆರಪಿ ಸೆಂಟರೊಂದಕ್ಕೆ ಸೇರಿಸಿದ್ದಾಯಿತು. ಮುಕ್ಕಾಲು ಗಂಟೆಗೆ 800 ರೂಪಾಯಿ, ವಾರಕ್ಕೆ ಮೂರು ದಿನ.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಶನಿವಾರ ಅಕ್ಕನ ಬದಲು ನಾನು ಅವನನ್ನು ಕರೆದುಕೊಂಡು ಹೋದೆ. ಹೊರಗೆ ಕಾಯುತ್ತ ಕೂತವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ, ಗೋಡೆಯ ಮೇಲಿದ್ದ ಚಿನ್ನದ ಅಂಚಿನ ನಾಲ್ಕು ಫ್ರೇಮುಗಳನ್ನು ಹತ್ತಿರ ಹೋಗಿ ಓದಿದೆ. ಒಂದು ಎರಡು ದಿನದ ವೆಬಿನಾರಿನದು. ಇನ್ನೊಂದು ಆರು ವಾರದ ಆನ್‌ಲೈನ್ ಕೋರ್ಸಿನದು. ಮೂರನೆಯದು ಯಾವುದೋ ಸಮ್ಮೇಳನದಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟದ್ದು. ನಾಲ್ಕನೆಯದು ಯೋಗ ಶಿಬಿರದ್ದು.

ಸೆಷನ್ ಮುಗಿದು ಮಗು ಹೊರಬಂದಾಗ ಥೆರಪಿಸ್ಟ್ ಹತ್ತಿರ ಅವರ ವೃತ್ತಿ ನೋಂದಣಿಯ ಸಂಖ್ಯೆ ಕೇಳಿದೆ: ‘ಮೇಡಂ, ನಿಮ್ಮ ಸಿಆರ್‌ಆರ್ ನಂಬರು?’

‘ಅದು ಗೌರ್ಮೆಂಟ್ ಕೆಲಸಕ್ಕೆ ಸೇರೋರಿಗೆ ಸರ್. ಪ್ರೈವೇಟ್‌ಗೆ ಬೇಕಾಗಲ್ಲ’ ಎಂದರು.

ಇದು ತಪ್ಪು. ಆಕೆ ಬೇಕೆಂದೇ ಸುಳ್ಳು ಹೇಳಿದರು ಅಂತಲ್ಲ, ನಿಜಕ್ಕೂ ಹಾಗೇ ನಂಬಿದ್ದಿರಬಹುದು. ಈ ಕ್ಷೇತ್ರಕ್ಕೆ ಹೊಸದಾಗಿ ಕಾಲಿಡುವ ಹುಡುಗ ಹುಡುಗಿಯರಲ್ಲೂ ಎಷ್ಟೋ ಜನ ಹಾಗೇ ತಿಳಿದಿದ್ದಾರೆ. ಹಾಗಾಗಿ ನೋಂದಣಿ ಮಾಡಿಸಿಕೊಳ್ಳುವವರಿಗೂ ಅದನ್ನು ಪರೀಕ್ಷಿಸಬೇಕಾದ ತಂದೆ ತಾಯಿಗೂ ಸೇರಿಸಿಯೇ ಈ ಲೇಖನ.

ಕಾನೂನು ಏನು ಹೇಳುತ್ತದೆ

ಅಂಗವಿಕಲರ, ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ಆರೈಕೆ, ಶಿಕ್ಷಣ, ತರಬೇತಿಯಲ್ಲಿ ತೊಡಗಿದವರಿಗಾಗಿ ನಮ್ಮ ದೇಶದಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ಎಲ್ಲರ ಬಾಯಲ್ಲೂ ಅದು ಆರ್‌ಸಿಐ. 1986ರಲ್ಲಿ ಒಂದು ಸೊಸೈಟಿಯಾಗಿ ಶುರುವಾಗಿ, 1992ರ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾಯಿತು. ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ಪರಿಷತ್ತು ಇಟ್ಟುಕೊಳ್ಳುವ ಪಟ್ಟಿಯೇ ಕೇಂದ್ರ ಪುನರ್ವಸತಿ ರಿಜಿಸ್ಟರ್, ಅಂದರೆ ಸಿಆರ್‌ಆರ್.

ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಗೊಂದಲವೇ ಉಳಿಯುವುದಿಲ್ಲ. ಮಾನ್ಯತೆ ಪಡೆದ ವಿದ್ಯಾರ್ಹತೆ ಮತ್ತು ರಿಜಿಸ್ಟರಿನಲ್ಲಿ ಹೆಸರು, ಎರಡರಲ್ಲಿ ಒಂದು ಇಲ್ಲದವರೂ ಈ ವೃತ್ತಿಯ ಸರ್ಕಾರಿ ಹುದ್ದೆಯಲ್ಲಿ ಇರುವಂತಿಲ್ಲ. ದೇಶದ ಯಾವ ಮೂಲೆಯಲ್ಲೂ ಈ ವೃತ್ತಿ ನಡೆಸುವಂತಿಲ್ಲ. ಈ ವೃತ್ತಿಯವರು ಕೊಡಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ತಜ್ಞರೆಂದು ಕೋರ್ಟಿನಲ್ಲಿ ಸಾಕ್ಷಿ ಹೇಳುವಂತಿಲ್ಲ. ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಕ್ಕ ಎರಡು ದಿನಕ್ಕೆ ಕಟ್ಟುತ್ತಿದ್ದ ಫೀಸು ಆ ದಂಡಕ್ಕಿಂತ ಹೆಚ್ಚು! 1992ರಲ್ಲಿ ಸಾವಿರ ರೂಪಾಯಿಗೆ ಒಂದು ತೂಕ ಇತ್ತೇನೋ. ಈಗಂತೂ ಯಾರೂ ಹೆದರುವ ಮೊತ್ತವಲ್ಲ.

ನೀವು ಈ ಪಟ್ಟಿಗೆ ಬರುತ್ತೀರಾ?

ಒಟ್ಟು 16 ಬಗೆಯ ವೃತ್ತಿಗಳು ಇದರಡಿ ಬರುತ್ತವೆ. ವಿಶೇಷ ಶಿಕ್ಷಕರು, ಆಡಿಯಾಲಜಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ಸಮಾಜ ಕಾರ್ಯಕರ್ತರು, ಕೃತಕ ಕಾಲು ಕೈ ಜೋಡಿಸುವವರು, ಶ್ರವಣ ಸಾಧನದ ತಂತ್ರಜ್ಞರು, ಕಣ್ಣು ಕಾಣದವರಿಗೆ ಓಡಾಟ ಕಲಿಸುವವರು, ಸಮುದಾಯ ಆಧಾರಿತ ಪುನರ್ವಸತಿ ಕಾರ್ಯಕರ್ತರು ಇವುಗಳಲ್ಲಿ ಮುಖ್ಯ.

ಫಿಸಿಯೋಥೆರಪಿ ಮತ್ತು ಆಕ್ಯುಪೇಶನಲ್ ಥೆರಪಿ ಇಲ್ಲಿಲ್ಲ. ಅವು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಡಿ ಬರುತ್ತವೆ. ಹಾಗೆಯೇ ಎಂ.ಎ. ಸೈಕಾಲಜಿ ಮಾಡಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಬೋರ್ಡಿನಲ್ಲಿ ‘ಕ್ಲಿನಿಕಲ್’ ಎಂಬ ಪದ ಕಂಡರೆ ಸಿಆರ್‌ಆರ್ ನಂಬರಿಗಾಗಿಯೂ ಕಣ್ಣಾಡಿಸಿ.

ಕೋರ್ಸಿಗೆ ಸೇರುವ ಮುನ್ನವೇ ಮೊದಲ ಹೆಜ್ಜೆ

ನೋಂದಣಿಯ ಕೆಲಸ ಅರ್ಜಿ ತುಂಬುವಾಗ ಶುರುವಾಗುವುದಲ್ಲ, ಕಾಲೇಜಿನ ಸೀಟಿಗೆ ದುಡ್ಡು ಕಟ್ಟುವ ಮೊದಲೇ. ಪದವಿ ಕೊಡುವ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದ್ದರೆ ಸಾಲದು. ಆ ಕೋರ್ಸು, ಆ ಸಂಸ್ಥೆಯಲ್ಲಿ, ನೀವು ಸೇರುವ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಪಡೆದಿರಬೇಕು. ‘ಅಪ್ಲೈ ಮಾಡಿದ್ದೀವಿ, ಇನ್ನೇನು ಬರುತ್ತೆ’ ಎನ್ನುವ ಕಾಲೇಜಿಗೆ ನಮಸ್ಕಾರ ಹಾಕಿ ಹೊರಬನ್ನಿ. ಮಾನ್ಯತೆ ಬರದಿದ್ದರೆ ನಷ್ಟ ಕಾಲೇಜಿಗಲ್ಲ, ನಿಮಗೆ. ಅನುಮೋದಿತ ಸಂಸ್ಥೆಗಳ ಪಟ್ಟಿ ಪರಿಷತ್ತಿನ ಜಾಲತಾಣದಲ್ಲಿದೆ.

ನಮ್ಮ ರಾಜ್ಯದವರು ಈ ವಿಷಯದಲ್ಲಿ ಅದೃಷ್ಟವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಸ್ಪೀಚ್ ಥೆರಪಿ, ಕ್ಲಿನಿಕಲ್ ಸೈಕಾಲಜಿ ಕಲಿಯಲು ಉತ್ತರ ಭಾರತದಿಂದಲೂ ಇಲ್ಲಿಗೆ ಬರುತ್ತಾರೆ.

ಅರ್ಜಿ ತುಂಬುವಾಗ

ಅರ್ಜಿ ಈಗ ಆನ್‌ಲೈನ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಕೋರ್ಸಿನ ಎಲ್ಲ ವರ್ಷ ಅಥವಾ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಫೋಟೊ, ಸಹಿ, ಗುರುತಿನ ಚೀಟಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಶುಲ್ಕ ಕೂಡ ಆನ್‌ಲೈನಿನಲ್ಲೇ. ಡಿಪ್ಲೊಮಾ ಹಂತದವರಿಗೂ ಪದವಿ ಹಂತದವರಿಗೂ ರಿಜಿಸ್ಟರಿನಲ್ಲಿ ಬೇರೆ ಬೇರೆ ವರ್ಗಗಳಿವೆ, ನಿಮ್ಮದು ಯಾವುದೆಂದು ಮೊದಲೇ ತಿಳಿದುಕೊಂಡು ಕೂತುಕೊಳ್ಳಿ.

ಇಷ್ಟನ್ನು ಯಾರಾದರೂ ಮಾಡಬಹುದು. ಕನ್ನಡದ ಮಕ್ಕಳು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ‘ಕಾವ್ಯ ಎಸ್.’, ಪದವಿಯಲ್ಲಿ ‘ಎಸ್. ಕಾವ್ಯ’, ಆಧಾರಿನಲ್ಲಿ ‘ಕಾವ್ಯ ಶಿವಣ್ಣ’, ಮದುವೆಯಾದ ಮೇಲೆ ಬ್ಯಾಂಕಿನಲ್ಲಿ ಗಂಡನ ಹೆಸರು. ನಮಗೆ ಇನಿಶಿಯಲ್ ಎಂದರೆ ಅಪ್ಪನ ಹೆಸರೋ ಊರಿನ ಹೆಸರೋ ಎಂದು ಗೊತ್ತು, ದೆಹಲಿಯಲ್ಲಿ ಕೂತು ಕಾಗದ ನೋಡುವವರಿಗೆ ಅದು ನಾಲ್ಕು ಬೇರೆ ಬೇರೆ ಹುಡುಗಿಯರ ಹೆಸರು. ಪದವಿ ಪ್ರಮಾಣಪತ್ರದಲ್ಲಿ ಇರುವಂತೆಯೇ, ಚುಕ್ಕೆ ಸಹಿತ, ಅರ್ಜಿಯಲ್ಲಿ ಹೆಸರು ಬರೆಯಿರಿ. ಆಧಾರಿನಲ್ಲಿ ಬೇರೆ ಇದ್ದರೆ ಅರ್ಜಿಗೂ ಮೊದಲೇ ತಿದ್ದಿಸಿ. ನಂತರ ತಿದ್ದಿಸುತ್ತ ಕೂರುವುದು ಹೆಚ್ಚು ತಲೆನೋವು.

ಇನ್ನೊಂದು ಎಡವಟ್ಟು ಸೈಬರ್ ಸೆಂಟರಿನದು. ಅಲ್ಲಿನ ಹುಡುಗ ಅವಸರದಲ್ಲಿ ತನ್ನದೇ ಇ-ಮೇಲ್, ತನ್ನದೇ ಮೊಬೈಲ್ ನಂಬರು ಹಾಕಿ ಸಬ್‌ಮಿಟ್ ಒತ್ತಿಬಿಡುತ್ತಾನೆ. ದಾಖಲೆ ಸರಿಯಿಲ್ಲ ಎಂದು ಸಂದೇಶ ಬಂದರೆ ಹೋಗುವುದು ಅವನಿಗೆ. ಐದು ವರ್ಷ ಬಿಟ್ಟು ನವೀಕರಣಕ್ಕೆ ಲಾಗಿನ್ ಆಗಲು ಹೋದರೆ ಒಟಿಪಿಯೂ ಅವನಿಗೇ. ಅಷ್ಟರಲ್ಲಿ ಅಂಗಡಿ ಮುಚ್ಚಿ ಅಲ್ಲಿ ಬೇಕರಿ ಬಂದಿರುತ್ತದೆ. ಸ್ವಂತ ಇ-ಮೇಲ್ ಕೊಡಿ, ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಡಿ. ಅರ್ಜಿ ಸಂಖ್ಯೆಯ ಪುಟವನ್ನು ಪ್ರಿಂಟ್ ತೆಗೆದುಕೊಳ್ಳದೆ ಏಳಬೇಡಿ.

ಐದು ವರ್ಷಕ್ಕೊಮ್ಮೆ

ನೋಂದಣಿ ಜೀವನಪೂರ್ತಿ ನಡೆಯುವುದಲ್ಲ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಅವಧಿಯಲ್ಲಿ ಪರಿಷತ್ತು ಒಪ್ಪಿದ ಕಾರ್ಯಾಗಾರಗಳಿಗೆ ಹೋಗಿ ನಿಗದಿತ ಅಂಕ ಗಳಿಸಿರಬೇಕು. ಇವನ್ನು ಸಿಆರ್‌ಇ ಅಂಕ ಎನ್ನುತ್ತಾರೆ. ನಾಲ್ಕೂವರೆ ವರ್ಷ ಸುಮ್ಮನಿದ್ದು ಕೊನೆಯ ಮೂರು ತಿಂಗಳಲ್ಲಿ ಊರೂರು ಅಲೆಯುವವರನ್ನು ನೋಡಿದ್ದೇನೆ. ವರ್ಷಕ್ಕೊಂದೆರಡು ಕಾರ್ಯಾಗಾರ ಮುಗಿಸಿಕೊಂಡು ಬಂದರೆ ಈ ಪಾಡು ಬೇಡ. ಹೋಗುವ ಮೊದಲು ಅದು ಆರ್‌ಸಿಐ ಅನುಮೋದಿತವೇ ಎಂದು ಕೇಳಿ. ಊಟ, ಬ್ಯಾಗು, ಫೋಟೊ ಎಲ್ಲ ಕೊಟ್ಟು ಅಂಕ ಮಾತ್ರ ಕೊಡಲಾಗದ ಕಾರ್ಯಕ್ರಮಗಳೂ ಇವೆ. ಮೇಲಿನ ಪದವಿ ಪಡೆದರೆ ಅದನ್ನೂ ರಿಜಿಸ್ಟರಿಗೆ ಸೇರಿಸಿಕೊಳ್ಳಿ.

ವಿಶೇಷ ಶಿಕ್ಷಕರಿಗೆ ಇದು ಇನ್ನೂ ಮುಖ್ಯ. ಒಂದರಿಂದ ಐದನೇ ತರಗತಿವರೆಗೆ 10 ವಿಶೇಷ ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟಿನ 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿದೆ. 2025ರ ಮಾರ್ಚಿನಲ್ಲಿ ಕೋರ್ಟು ರಾಜ್ಯಗಳಿಗೆ ಹುದ್ದೆ ಪ್ರಕಟಿಸುವಂತೆ ಮತ್ತೆ ಹೇಳಿತು. ಹುದ್ದೆ ಕರೆದ ದಿನ ನಿಮ್ಮ ನೋಂದಣಿ ಚಾಲ್ತಿಯಲ್ಲಿರಲಿ.

ಮಗುವನ್ನು ಸೇರಿಸುವ ಮುನ್ನ

ಈಗ ತಂದೆ ತಾಯಿಗೆ. ಕೇಳಲು ಮುಜುಗರ ಪಡಬೇಡಿ. ‘ಮೇಡಂ, ನಿಮ್ಮ ಸಿಆರ್‌ಆರ್ ನಂಬರು ಬರೆದುಕೊಡ್ತೀರಾ?’ ಎಂದರೆ ಸಾಕು. ಪರಿಷತ್ತಿನ ಜಾಲತಾಣದಲ್ಲಿ ನೋಂದಾಯಿತರನ್ನು ಹುಡುಕಿ ನೋಡುವ ಸೌಲಭ್ಯವಿದೆ. ಹೆಸರು ಸಿಕ್ಕರೆ ಅಷ್ಟಕ್ಕೇ ನಿಲ್ಲಿಸದೆ, ವಿದ್ಯಾರ್ಹತೆ ಯಾವುದು, ಅವಧಿ ಮುಗಿದಿದೆಯೇ ಎಂದೂ ನೋಡಿ. ವಿಶೇಷ ಶಿಕ್ಷಣದಲ್ಲಿ ನೋಂದಣಿ ಪಡೆದವರು ಸ್ಪೀಚ್ ಥೆರಪಿ ಕೊಡುತ್ತಿದ್ದರೆ ಆ ನಂಬರು ಅಸಲಿಯೇ ಆದರೂ ಕೆಲಸ ಅವರದಲ್ಲ.

ಸೆಂಟರಿನ ಮಾಲೀಕರ ನಂಬರು ತೋರಿಸಿ ಸಮಾಧಾನ ಮಾಡುವುದು ಇನ್ನೊಂದು ಪರಿಪಾಠ. ನೋಂದಣಿ ಇರುವುದು ವ್ಯಕ್ತಿಗೆ, ಕಟ್ಟಡಕ್ಕಲ್ಲ. ನಿಮ್ಮ ಮಗುವಿನ ಎದುರು ಚಾಪೆಯ ಮೇಲೆ ಕೂರುವವರದ್ದೇ ನಂಬರು ಬೇಕು.

ನಂಬರಿಲ್ಲದವರ ಮೇಲೆ ದೂರು ಕೊಡಬೇಕೆಂದರೆ ದೆಹಲಿಯಲ್ಲಿರುವ ಪರಿಷತ್ತಿನ ಸದಸ್ಯ ಕಾರ್ಯದರ್ಶಿಗೆ ಬರೆಯಿರಿ. ರಸೀದಿ, ವಿಸಿಟಿಂಗ್ ಕಾರ್ಡು, ಬೋರ್ಡಿನ ಫೋಟೊ ಜೊತೆಗಿರಲಿ. ಈ ಕಾಯ್ದೆಯಡಿ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲು ಪರಿಷತ್ತು ಅಧಿಕಾರ ಕೊಟ್ಟವರ ಲಿಖಿತ ದೂರೇ ಬೇಕು, ನೇರವಾಗಿ ನಾವು ಹೋಗಿ ಪ್ರಯೋಜನವಿಲ್ಲ. ನೋಂದಣಿ ಇರುವವರೇ ಅನುಚಿತವಾಗಿ ನಡೆದುಕೊಂಡರೆ ಅವರ ಹೆಸರನ್ನು ರಿಜಿಸ್ಟರಿನಿಂದ ತೆಗೆಯುವ ಅಧಿಕಾರವೂ ಪರಿಷತ್ತಿಗಿದೆ. ಕಟ್ಟಿದ ಹಣ ವಾಪಸು ಬೇಕಾದರೆ ದಾರಿ ಬೇರೆ: ಜಿಲ್ಲಾ ಗ್ರಾಹಕರ ಆಯೋಗ. ಮೊದಲು 1915ಕ್ಕೆ ಫೋನು ಮಾಡಿ ವಿಚಾರಿಸಬಹುದು.

ಪಟ್ಟಿಯೇ ಇಲ್ಲದವರು

ಕ್ರೆಶ್‌ನಲ್ಲಿ ಮಗು ನೋಡಿಕೊಳ್ಳುವ ಆಯಾ, ಮನೆಗೆ ಬಂದು ಅಜ್ಜನಿಗೆ ಸ್ನಾನ ಮಾಡಿಸುವ ಹುಡುಗ ಇಂಥ ಯಾವ ರಿಜಿಸ್ಟರಿನಲ್ಲೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಕೇರ್ ಹೋಮಿನಲ್ಲಿ ಮುದುಕರಿಗೆ ಊಟ ಮಾಡಿಸುವವರೂ ನರ್ಸರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ಸರ್ಕಾರಿ ಕೌನ್ಸಿಲಿನಲ್ಲಿ ಹೆಸರು ಬರೆಸಲೇಬೇಕು, ತಪ್ಪು ಮಾಡಿದರೆ ಹೆಸರು ಹೋಗುತ್ತದೆ. ನಮ್ಮಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕೆಂದು ಕಾನೂನು ಹೇಳುತ್ತದೆ, ಅಲ್ಲಿ ಮಗು ಎತ್ತಿಕೊಳ್ಳುವವರ ಹೆಸರು ದೇಶದ ಯಾವ ಪುಸ್ತಕದಲ್ಲಿರಬೇಕು ಎಂದು ಹೇಳುವುದಿಲ್ಲ.

ಹೋಮ್ ನರ್ಸ್ ಎಂದು ಏಜೆನ್ಸಿ ಕಳಿಸಿದರೆ ಕರ್ನಾಟಕ ನರ್ಸಿಂಗ್ ಕೌನ್ಸಿಲಿನ ನೋಂದಣಿ ಕೇಳಿ. ಇಲ್ಲವೆಂದರೆ ಅವರು ನರ್ಸ್ ಅಲ್ಲ, ಸಹಾಯಕರು. ಇಂಜೆಕ್ಷನ್, ಡ್ರಿಪ್ ಅವರ ಕೈಗೆ ಕೊಡಬೇಡಿ. ಗುರುತಿನ ಚೀಟಿಯ ನಕಲು, ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಫೋನ್ ನಂಬರು, ಪೊಲೀಸ್ ವೆರಿಫಿಕೇಶನ್ ಇಷ್ಟನ್ನು ಏಜೆನ್ಸಿಯಿಂದ ಪಡೆದುಕೊಂಡು, ಆ ಎರಡು ಮನೆಗಳಿಗೆ ನೀವೇ ಫೋನ್ ಮಾಡಿ ಮಾತಾಡಿ.