ಟೊಮ್ಯಾಟೊ ಕೈಕೊಟ್ಟ ಮೇಲೆ ತೋಟದ ಡೈರಿ ಬಿಚ್ಚಿ ಕೂರುವ ಬಗೆ

ಬೆಳೆ ಹೋದ ವಾರದಲ್ಲಿ ಯಾರ ತಲೆಯೂ ಸರಿ ಇರುವುದಿಲ್ಲ. ಹಾಗಾಗಿ ಕೊನೆಯ ಕೊಯ್ಲು ಮುಗಿದು ಮಂಡಿಯ ಮಾರಾಟದ ಪಟ್ಟಿಗಳೆಲ್ಲ ಕೈಗೆ ಬಂದ ಮೇಲೆಯೇ ಕಾರಣ ಹುಡುಕಲು ಕೂರುತ್ತೇನೆ. ಬೇಕಾಗುವುದು ತೋಟದ ಡೈರಿ ಒಂದೇ. ನಾಟಿ ತಾರೀಖು, ನೀರು ಬಿಟ್ಟ ಹೊತ್ತು, ಮಳೆ, ಮಂಜು, ಹೊಡೆದ ಔಷಧಿ, ಅದರ ಪ್ರಮಾಣ ಎಲ್ಲ ಅಂದಂದೇ ಬರೆದಿರಬೇಕು. ವಾರ ಬಿಟ್ಟು ಬರೆದರೆ ನಮಗೆ ಅನುಕೂಲವಾದದ್ದೇ ನೆನಪಿಗೆ ಬರುತ್ತದೆ.

ರೋಗ ಕಂಡ ದಿನದಿಂದ ಹಿಂದಕ್ಕೆ ಎಣಿಸುತ್ತಾ ಹೋಗುತ್ತೇನೆ. ತೇವದ ಹವೆಗೆ ಹಬ್ಬುವ ಅಂಗಮಾರಿ ರೋಗ ತಗುಲಿ ನಾಲ್ಕೈದು ದಿನಕ್ಕೆ ಎಲೆಯ ಮೇಲೆ ನೀರು ಕುಡಿದಂಥ ಕಂದು ಮಚ್ಚೆ ಏಳುತ್ತದೆ. ಬೆಳಗ್ಗೆ ಎಲೆ ಮಗುಚಿದರೆ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು. ಅಂದರೆ ಮಚ್ಚೆ ಕಂಡ ದಿನದ ಮಳೆಯನ್ನಲ್ಲ, ಅದಕ್ಕೂ ಹಿಂದಿನ ಮೋಡದ ದಿನಗಳನ್ನು ನೋಡಬೇಕು. ಆಗ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಲೆಯ ಮೇಲಿತ್ತೇ? ಅದು ಮುಂಚೆ ಹೊಡೆದು ತಡೆಯುವ ಔಷಧಿ, ರೋಗ ಒಳಹೊಕ್ಕ ಮೇಲೆ ಕೆಲಸಕ್ಕೆ ಬಾರದು. ‘ಡೂಪ್ಲಿಕೇಟ್ ಮಾಲು’ ಎಂದು ಅಂಗಡಿಯವನನ್ನು ಬೈಯುವ ಮುನ್ನ ಈ ತಾರೀಖು ನೋಡಿಕೊಳ್ಳುವುದು ಒಳ್ಳೆಯದು.

ಎಲೆ ಮುದುರು ರೋಗಕ್ಕಾದರೆ ಎರಡು ಮೂರು ವಾರ ಹಿಂದೆ ಹೋಗಬೇಕು. ನಾಟಿಯಾದ ಹತ್ತೇ ದಿನಕ್ಕೆ ಎಲೆ ಮುದುರಿತೆಂದರೆ ಬಿಳಿ ನೊಣ ರೋಗ ಹತ್ತಿಸಿದ್ದು ಬಹುಪಾಲು ನರ್ಸರಿಯಲ್ಲೇ. ಕಾಯಿಯ ತಳ ಕಪ್ಪಾಗಿದ್ದರೆ ನೀರಿನ ಲೆಕ್ಕ ತೆಗೆಯುತ್ತೇನೆ. ಒಮ್ಮೆ ಒಣಗಿಸಿ ಒಮ್ಮೆ ತುಂಬಿಸಿದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ಸಾಲುವಷ್ಟು ಹೋಗುವುದಿಲ್ಲ.

ಸಿಕ್ಕಿದ ತಾರೀಖಿನ ಎದುರು ಎರಡೇ ಸಾಲು: ಆವತ್ತು ಗೊತ್ತಿದ್ದದ್ದೇನು, ಮಾಡಿದ್ದೇನು. ಗೊತ್ತಿಲ್ಲದೆ ತಪ್ಪಿದ್ದನ್ನು ತಿಳಿದವರ ಹತ್ತಿರ ಕೇಳಿಕೊಳ್ಳಬಹುದು. ಗೊತ್ತಿದ್ದೂ ಬಿಟ್ಟಿದ್ದರೆ ಆಳು ಸಿಗಲಿಲ್ಲವೋ, ಕಾಸಿರಲಿಲ್ಲವೋ, ಸೋಮಾರಿತನವೋ, ಇದ್ದದ್ದನ್ನೇ ಬರೆಯಬೇಕು. ‘ಮಳೆ ಕೆಡಿಸಿತು’ ಎಂದು ಬರೆದರೆ ಮುಂದಿನ ಬೆಳೆಗೆ ಮಾಡಲು ಏನೂ ಉಳಿಯುವುದಿಲ್ಲ.

ರೇಟನ್ನು ಇದರೊಳಗೆ ತರುವುದಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ರೇಟಿಗೆ ಅರ್ಧ ಸತ್ತ ತೋಟವೂ ಲಾಭದ ತೋಟವೇ. ನಾನು ನೋಡುವುದು ಎಕರೆಗೆ ಎಷ್ಟು ಬಾಕ್ಸ್ ಬಂತು, ಬಾಕ್ಸಿಗೆ ಎಷ್ಟು ಖರ್ಚು ಬಿತ್ತು ಎಂದು. ಮನೆಯವರ ದುಡಿಮೆಗೂ ಕೂಲಿ ಹಾಕಿಯೇ.

ಬದಲಿಸುವುದು ಒಂದೋ ಎರಡೋ ಮಾತ್ರ. ನರ್ಸರಿ, ತಳಿ, ಗೊಬ್ಬರ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ‘ಜಾಗ್ರತೆ ವಹಿಸಬೇಕು’ ಎಂಬ ಮಾತೂ ಉಪಯೋಗಕ್ಕಿಲ್ಲ. ಹೊಸ ಡೈರಿಯ ಮೊದಲ ಪುಟಕ್ಕೆ ಇಂಥದ್ದು ಬೇಕು: ‘ಎರಡು ದಿನ ಮೋಡ ಮುಚ್ಚಿದರೆ, ಮಚ್ಚೆ ಇರಲಿ ಬಿಡಲಿ, ಮಳೆ ಬಿಡುವು ಕೊಟ್ಟ ಕೂಡಲೇ ಮ್ಯಾಂಕೋಜೆಬ್.’